ಕಂಪ್ಲೇಂಟು: ರೆಕ್ಕೆ ಇಲ್ಲ

ವಾಚು ರಿಪೇರಿಯವರಿಗೆ ಬೀದಿಯ ಜನ ಇಟ್ಟ ಹೆಸರು ಭೂತಗನ್ನಡಿ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೆ ಅವರ ಮನೆ ಯಾವುದು ಎಂದು ಯಾರಾದರೂ ಕೇಳಿದರೆ ಎಲ್ಲರೂ ಆ ಹೆಸರು ಹೇಳಿಯೇ ದಾರಿ ತೋರಿಸುತ್ತಿದ್ದರು. ಇದು ಅವರಿಗೂ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇದ್ದರು, ಒಳಗೊಳಗೇ ಖುಷಿಯನ್ನೂ ಪಡುತ್ತಿದ್ದರು.

ನಲವತ್ತೊಂದು ವರ್ಷದಿಂದ ಅವರದು ಒಂದೇ ಅಂಗಡಿ. ಚಪ್ಪಲಿ ಅಂಗಡಿಗೂ ಮಹಡಿಯ ಮೆಟ್ಟಿಲಿಗೂ ನಡುವೆ ಉಳಿದುಹೋದ ಜಾಗ ಅದು. ಗಿರಾಕಿ ಒಬ್ಬರು ಬಂದರೆ ಅಂಗಡಿ ತುಂಬಿತು, ಇಬ್ಬರು ಬಂದರೆ ಎರಡನೆಯವರು ಬೀದಿಯಲ್ಲಿ. ಒಳಗೆ ಒಂದು ಗಾಜಿನ ಮೇಜು, ಒಂದು ದೀಪ, ಗೋಡೆಯ ತುಂಬ ಒಂದೊಂದು ಒಂದೊಂದು ಗಂಟೆ ತೋರಿಸುವ ಗಡಿಯಾರಗಳು. ಮೇಜಿನ ಹಿಂದೆ ಬಲಗಣ್ಣಿಗೆ ಕಪ್ಪು ಲೆನ್ಸು ಸಿಕ್ಕಿಸಿಕೊಂಡು ಇವರು. ಆ ಲೆನ್ಸು ಒತ್ತಿ ಒತ್ತಿ ಕಣ್ಣಿನ ಸುತ್ತ ಒಂದು ಬಳೆಯಂಥ ಗುರುತು ಬಿದ್ದಿತ್ತು. ಬಗ್ಗಿ ಬಗ್ಗಿ ಕತ್ತು ಮುಂದಕ್ಕೆ ಹೋಗಿ ಅಲ್ಲೇ ನಿಂತುಬಿಟ್ಟಿತ್ತು.

ಅವರ ಕೆಲಸಕ್ಕೊಂದು ಕಟ್ಟುನಿಟ್ಟಿತ್ತು. ಬಂದ ಪ್ರತಿ ವಾಚಿಗೂ ದಾರ ಕಟ್ಟಿದ ಒಂದು ಚೀಟಿ. ಚೀಟಿಯ ಮೇಲೆ ವಾರ, ಗಂಟೆ, ಕಂಪ್ಲೇಂಟು. ಲೆನ್ಸು ಹಾಕಿ ತಾವು ಕಣ್ಣಾರೆ ನೋಡದ ಒಂದಕ್ಷರವನ್ನೂ ಚೀಟಿಯಲ್ಲಿ ಬರೆದವರಲ್ಲ. ಸ್ವಂತ ಷಡ್ಡಕ ಮೆರೆದಾಡಿಕೊಂಡು ತಂದ ಚಿನ್ನದ ವಾಚಿಗೆ ‘ಹಿತ್ತಾಳೆ’ ಎಂದು ಬರೆದು, ಆ ಮನೆಯ ಜೊತೆ ಹನ್ನೆರಡು ವರ್ಷ ಮಾತು ಕಳೆದುಕೊಂಡಿದ್ದರು. ಇನ್ನು ಗಿರಾಕಿಗೆ ಎರಡು ಪ್ರಶ್ನೆ ತಪ್ಪಿದ್ದಲ್ಲ. “ಯಾವತ್ತಿಂದ ಹೀಗೆ?” ಎಂಬುದು ಒಂದು. “ಮೊದಲೇ ಯಾಕೆ ತರಲಿಲ್ಲ?” ಎಂಬುದು ಇನ್ನೊಂದು. ವಾಚು ಅರ್ಧ ಗಂಟೆ ಹಿಂದೆ ನಿಂತಿದ್ದರೂ ಸರಿಯೇ, ಎರಡನೆಯ ಪ್ರಶ್ನೆ ಕೇಳಿ ಗಿರಾಕಿ ತಲೆ ತಗ್ಗಿಸುವಂತೆ ಮಾಡಿಯೇ ವಾಚು ಕೈಗೆ ತೆಗೆದುಕೊಳ್ಳುತ್ತಿದ್ದರು.

ಅಂಗಡಿಯಲ್ಲಿ ಇಷ್ಟಕ್ಕೇ ನಿಂತಿದ್ದರೆ ಯಾರ ತಕರಾರೂ ಇರಲಿಲ್ಲ. ಮನೆಗೆ ಬಂದ ಮೇಲೂ ಈ ಗುರುತು ಹಿಡಿಯುವ ಚಾಳಿ ಬಿಡುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಕೆಮ್ಮಿದರೆ ಅದು ಯಾರ ಕೆಮ್ಮು, ಎಷ್ಟು ದಿನದ್ದು ಎಂದು ಹೇಳುತ್ತಿದ್ದರು. ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿ ಒಳಗಿನ ವಾಷರ್ ಎಷ್ಟು ಸವೆದಿದೆ ಎಂದು ಹೇಳುತ್ತಿದ್ದರು. ಇಷ್ಟೆಲ್ಲ ಪತ್ತೆ ಹಚ್ಚುವ ಈ ಮಹಾನುಭಾವರಿಗೆ, ಹೆಂಡತಿ ಹೊಸ ಕನ್ನಡಕ ಹಾಕಿಕೊಂಡು ಎರಡು ತಿಂಗಳಾದರೂ ಅದು ಕಣ್ಣಿಗೆ ಬಿದ್ದಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಊರಿನವರೆಲ್ಲರ ಮಾತು ಕಿವಿಗೆ ಬಿದ್ದರೂ ಏನೂ ಬಿದ್ದೇ ಇಲ್ಲ ಎಂಬಂಥ ಮುಖವನ್ನು ಅಲ್ಲೇ ಕಲಿತು, ನಿವೃತ್ತಿಯಾಗುವಾಗ ಮನೆಗೂ ತಂದಿದ್ದರು. ಗಂಡನ ಜೊತೆ ಮೂವತ್ತೆಂಟು ವರ್ಷ ಬಾಳಿದ್ದು ಬಹುಪಾಲು ಆ ಮುಖದ ಬಲದ ಮೇಲೆಯೇ.

ಒಬ್ಬಳೇ ಮಗಳು. ಅವಳು ಫಿಸಿಯೋಥೆರಪಿಸ್ಟು, ಅಂದರೆ ಊರಿನವರ ಸೊಂಟ, ಮಂಡಿ, ಭುಜ ತಿದ್ದುವವಳು. ಹಾಗೆ ಊರನ್ನೆಲ್ಲ ನೆಟ್ಟಗೆ ಮಾಡುವವಳ ಸ್ವಂತ ಅಪ್ಪನ ಕತ್ತು ಹೀಗೆ! ಅವಳಿಗೆ ಅದು ಅವಮಾನ, ಅದಕ್ಕಿಂತ ಹೆಚ್ಚಾಗಿ ಸಂಕಟ. ಪ್ರತಿ ಭಾನುವಾರ ಬಂದು ಅಪ್ಪನನ್ನು ಹಿತ್ತಲಲ್ಲಿ ಸ್ಟೂಲಿನ ಮೇಲೆ ಕೂರಿಸಿ ಕತ್ತು ನೀವುತ್ತಿದ್ದಳು. ನೀವುತ್ತ ನೀವುತ್ತ, “ಅಂಗಡಿ ಮುಚ್ಚಿಬಿಡಿ ಅಪ್ಪ” ಎನ್ನುತ್ತಿದ್ದಳು. “ನೋಡೋಣ” ಎಂದು ಇವರು ಹೇಳುತ್ತಿದ್ದರು. ಆರು ವರ್ಷದಿಂದ ನೋಡುತ್ತಲೇ ಇದ್ದರು.

ಅಂಥದೇ ಒಂದು ಭಾನುವಾರ ಬೆಳಿಗ್ಗೆ, ಬಟ್ಟೆ ಒಣಹಾಕುತ್ತಿದ್ದ ಹೆಂಡತಿ ಬಕೆಟ್ಟು ಕೆಳಗಿಟ್ಟು ಕೂಗಿದರು. “ರೀ, ಇಲ್ಲಿ ನೋಡ್ರೀ. ಏನೋ ಓಡಾಡ್ತಿದೆ. ಸ್ವೆಟರ್ ಹಾಕ್ಕೊಂಡಿದೆ.”

ಒಗೆಯುವ ಕಲ್ಲಿನ ಪಕ್ಕದ ಸಡಿಲ ಮಣ್ಣಿನಲ್ಲಿ ಒಂದು ಹುಳ. ಎದೆ ಇಟ್ಟಿಗೆ ಕೆಂಪು, ಹೊಟ್ಟೆ ಕಪ್ಪು, ಕಪ್ಪಿನ ಮೇಲೆ ಬಿಳಿ ಚುಕ್ಕೆ, ಮೈತುಂಬ ಮಖಮಲ್ಲಿನಂಥ ಕೂದಲು. ರೆಕ್ಕೆ ಇಲ್ಲ. ಬಸ್ಸು ತಪ್ಪಿಸಿಕೊಂಡವರ ಹಾಗೆ ಅತ್ತಿಂದಿತ್ತ ಓಡುತ್ತಿತ್ತು.

ವಾಚಿನವರು ಕೂತಿದ್ದಲ್ಲಿಂದಲೇ ನೋಡಿದರು. ಲೆನ್ಸು ಜೇಬಿನಲ್ಲಿತ್ತು, ತೆಗೆಯಲಿಲ್ಲ. ಕತ್ತು ಮಗಳ ಕೈಯಲ್ಲಿತ್ತು, ಪಕ್ಕದಲ್ಲಿ ಟೀ ಆರುತ್ತಿತ್ತು. “ಇರುವೆ” ಎಂದರು.

“ಇಷ್ಟು ದಪ್ಪ ಇರುವೆನಾ?” ಎಂದರು ಹೆಂಡತಿ.

“ದಪ್ಪ ಇರುವೆ.”

ಗೋಡೆಯಾಚೆಯಿಂದ ಪಕ್ಕದ ಮನೆಯ ಪ್ಲಂಬರ್ ತಲೆ ಹಾಕಿದ. ಆ ಗೋಡೆಯ ಮೇಲೆ ಅವನ ತಲೆ ಇಲ್ಲದ ಭಾನುವಾರವೇ ಇರಲಿಲ್ಲ. “ವಾಚಣ್ಣ, ಅದು ಜೇಡದ ಮರಿ ಕಣಣ್ಣ.”

“ಕಾಲು ಎಣಿಸೋಕೆ ಬರತ್ತೇನಯ್ಯಾ ನಿಂಗೆ? ಆರಿದೆ. ಇರುವೆ!”

ಮಗಳೂ ಬಗ್ಗಿ ನೋಡಿದಳು. “ಅಪ್ಪ, ನಂಗ್ಯಾಕೋ ಇದು ಇರುವೆ ತರ ಕಾಣ್ತಿಲ್ಲ.”

ಗಿರಾಕಿ ಅನುಮಾನಪಟ್ಟರೆ ಸಹಿಸಬಹುದು. ಹೆಂಡತಿ, ಮಗಳು, ಪ್ಲಂಬರ್ ಮೂರೂ ಜನ ಒಂದೇ ಬೆಳಿಗ್ಗೆ ಅನುಮಾನಪಟ್ಟರೆ? ಭೂತಗನ್ನಡಿಗೆ ರೇಗಿಹೋಯಿತು. “ಇದು ಇರುವೆ ಅಲ್ಲ ಅಂತ ಯಾರು ಮೊದಲು ತೋರಿಸಿಕೊಡ್ತಾರೋ ಅವರ ಕೈಗೆ ಅಂಗಡಿ ಬೀಗದ ಕೈ ಇಟ್ಟುಬಿಡ್ತೀನಿ! ಆಮೇಲೆ ಅಂಗಡಿ ಅವರದು. ಏನು ಬೇಕಾದ್ರೂ ಮಾಡ್ಕೊಳ್ಳಲಿ!”

ಕತ್ತಿನ ಮೇಲಿನ ಕೈ ಥಟ್ಟನೆ ನಿಂತಿತು. “ಅಪ್ಪ, ಇನ್ನೊಂದ್ಸಲ ಹೇಳಿ?”

ಬುದ್ಧಿಯಿದ್ದವರು ಅಲ್ಲೇ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಇವರು ಇನ್ನೊಂದು ಸಲ, ಇನ್ನೂ ಜೋರಾಗಿ ಹೇಳಿದರು.

“ನಾನು ಸಾಕ್ಷಿ” ಎಂದ ಪ್ಲಂಬರ್. ಮಗಳು ಆಗಲೇ ನೆಲಕ್ಕೆ ಕೂತು ಮೊಬೈಲಿನಲ್ಲಿ ಹುಳದ ಫೋಟೋ ತೆಗೆಯುತ್ತಿದ್ದಳು. ಅವಳ ಹತ್ತಿರ ಸೊಂಟ ನೋವಿಗೆಂದು ಬರುವ ಪ್ರೊಫೆಸರ್ ಒಬ್ಬರಿದ್ದರು, ಅವರ ವಿದ್ಯೆಯೇ ಹುಳ. ಅವರಿಗೆ ಕಳಿಸಿ, ಮುಂದಿನ ಭಾನುವಾರ ಉತ್ತರದ ಜೊತೆ ಬರುತ್ತೇನೆ ಎಂದು ಹೇಳಿ, ಬಹಳ ಹಗುರಾಗಿ ಹೊರಟುಹೋದಳು.

ಸೋಮವಾರ ಬೆಳಿಗ್ಗೆ ಹೆಂಡತಿ ಕುಂಟುತ್ತ ಬಂದು ತಿಂಡಿ ಇಟ್ಟರು. “ಕಾಲು ಉಳುಕಿದೆ” ಎಂದರು. “ಎಣ್ಣೆ ಹಚ್ಚು” ಎಂದರು ಇವರು, ತಟ್ಟೆಯಿಂದ ತಲೆ ಎತ್ತದೆ. ಸಂಜೆ ಮಗಳು ಫೋನಿನಲ್ಲಿ ವಿಷಯ ತಿಳಿದು ಈಗಲೇ ಬಂದು ನೋಡುತ್ತೇನೆ ಎಂದಳು. “ಬೇಡ ಕಣೇ ಮಾರಾಯ್ತಿ, ನಿನ್ನ ಕೈಗೆ ಕೊಟ್ರೆ ನೆಟ್ಟಗಿರೋ ಕಾಲೂ ಸೊಟ್ಟ ಆಗತ್ತೆ” ಎಂದು ಹೆಂಡತಿ ಫೋನಿಟ್ಟರು. ಮುಖ ಎಕ್ಸ್‌ಚೇಂಜಿನದೇ.

ಮಂಗಳವಾರ ವಾಚಿನವರು ಬೇಗ ಎದ್ದು ಹಿತ್ತಲಿಗೆ ಹೋದರು. ಮಗಳ ಪ್ರೊಫೆಸರ್ ಹೇಳುವುದಕ್ಕಿಂತ ಮೊದಲೇ ಇರುವೆಯನ್ನು ಇರುವೆ ಎಂದು ಸಾಬೀತು ಮಾಡಿಬಿಡಬೇಕು. ಒಂದು ಲೋಟ ಬೋರಲು ಹಾಕಿ, ಅದರ ಕೆಳಗೆ ಕಾಗದ ತೂರಿಸಿ, ಹುಳ ಹಿಡಿದರು. ವಾಚಿನ ಬಿಡಿಭಾಗ ಇಡುವ, ಗಾಜಿನ ಮುಚ್ಚಳದ ಪುಟ್ಟ ಡಬ್ಬಿಗೆ ಅದನ್ನು ದಾಟಿಸಿದರು. ಅಡುಗೆಮನೆಯ ಸಕ್ಕರೆ ಡಬ್ಬಿಯ ಬುಡದಿಂದ ಒಂದು ಮಾಮೂಲಿ ಕಪ್ಪಿರುವೆಯನ್ನೂ ಹಿಡಿದರು. ನಿಂತ ವಾಚಿನ ರೋಗ ಗೊತ್ತಾಗದಿದ್ದರೆ ಅದೇ ಕಂಪನಿಯ ಓಡುವ ವಾಚನ್ನು ಪಕ್ಕದಲ್ಲಿಟ್ಟು ಒಂದೊಂದೇ ಭಾಗ ಹೋಲಿಸುವುದು ಅವರ ಪದ್ಧತಿ. ಇಲ್ಲಿ ಓಡುವ ವಾಚು ಈ ಕಪ್ಪಿರುವೆ.

ಅಂಗಡಿಯಲ್ಲಿ ಎರಡು ಡಬ್ಬಿ ಪಕ್ಕಪಕ್ಕ ಇಟ್ಟು, ಲೆನ್ಸು ಸಿಕ್ಕಿಸಿಕೊಂಡು ಬಗ್ಗಿದರು. ಮೊದಲು ಮೀಸೆ. ಕಪ್ಪಿರುವೆಯ ಮೀಸೆ ನಡುವೆ ಮೊಣಕೈ ಮಡಚಿದ ಹಾಗೆ ಮುರಿದಿತ್ತು. ಹಿತ್ತಲಿನ ಕೆಂಪು ಹುಳದ, ಅಂದರೆ ಕೆಂಪಮ್ಮನ, ಮೀಸೆಗೆ ಮೊಣಕೈಯೇ ಇಲ್ಲ, ಸುಮ್ಮನೆ ಬಾಗಿತ್ತು. ಆಮೇಲೆ ಸೊಂಟ. ಕಪ್ಪಿರುವೆಯ ಸೊಂಟದ ಮೇಲೆ ಒಂದು ಪುಟ್ಟ ಉಬ್ಬು ಎದ್ದು ನಿಂತಿತ್ತು. ಕೆಂಪಮ್ಮನಿಗೆ ಅಂಥದೇನೂ ಇಲ್ಲ. ಚಿಮಟದ ತುದಿಯಿಂದ ಮೆಲ್ಲಗೆ ಮುಟ್ಟಿದರು. ಕೆಂಪಮ್ಮ ಬಾಲ ಮಡಚಿ, ಸಣ್ಣ ಸೆಕೆಂಡ್ ಮುಳ್ಳಿನಷ್ಟು ಉದ್ದದ ಒಂದು ಸೂಜಿ ಹೊರಗೆ ತೆಗೆದು ಚಿಮಟಕ್ಕೆ ಟಕ್ಕೆಂದು ಚುಚ್ಚಿತು.

ವಾಚಿನವರು ಲೆನ್ಸು ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಲೆನ್ಸಿನದೇನೂ ತಪ್ಪಿರಲಿಲ್ಲ.

ಕೊನೆಗೆ ಅಭ್ಯಾಸಬಲದಿಂದ ಡಬ್ಬಿಯನ್ನು ಅಲುಗಾಡಿಸಿ ಕಿವಿಗೆ ಹಿಡಿದರು. ಒಳಗಿಂದ ‘ಕಿರ್ರ್, ಕಿರ್ರ್’ ಎಂದು ಬೈಗುಳ ಕೇಳಿಸಿತು. ಅದೇ ಹೊತ್ತಿಗೆ ಒಬ್ಬ ಗಿರಾಕಿ ಒಳಗೆ ಬಂದ.

“ನನ್ನ ವಾಚು ಆಯ್ತಾ ಸಾರ್?”

“ಶ್! ಮಾತಾಡ್ತಿದೆ.”

ಗಿರಾಕಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಬರುತ್ತೇನೆ ಎಂದು ಬೇಗ ಬೇಗ ಬೀದಿಗಿಳಿದ. ವಾಚಿನವರಿಗೆ ಅವನು ಹೋದದ್ದೂ ಗೊತ್ತಾಗಲಿಲ್ಲ. ಹುಡುಗನಾಗಿದ್ದಾಗ ಕಿಟಕಿಯ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟುತ್ತಿದ್ದ ಕಣಜವೊಂದನ್ನು ಬಾಟಲಿಯಲ್ಲಿ ಹಿಡಿದು ಗಂಟೆಗಟ್ಟಲೆ ನೋಡಿದ್ದು ನೆನಪಾಯಿತು. ಅದೇ ಮುಖ, ಅದೇ ಸೂಜಿ, ಅದೇ ಸಿಟ್ಟು. ಇದು ಕಣಜ. ರೆಕ್ಕೆ ಇಲ್ಲದ ಕಣಜ. ಹಾಗೆಂದರೆ ಅಂಗಡಿ ಹೋಯಿತು.

ಡಬ್ಬಿಗೆ ಕಟ್ಟಲು ಚೀಟಿ ತೆಗೆದುಕೊಂಡರು. ‘ಮಂಗಳವಾರ. ಹತ್ತೂವರೆ. ಕಂಪ್ಲೇಂಟು: ರೆಕ್ಕೆ ಇಲ್ಲ’ ಎಂದು ಬರೆದರು. ಮುಂದೆ ಹೆಸರು ಬರೆಯಬೇಕು. ‘ಇ’ ಎಂದು ಬರೆದರು. ಕೈ ನಿಂತಿತು. ಷಡ್ಡಕನ ಹಿತ್ತಾಳೆ ವಾಚು ಕಣ್ಣೆದುರು ಬಂತು. ಆ ಚೀಟಿ ಹರಿದು ಹೊಸದು ತೆಗೆದುಕೊಂಡರು, ಮತ್ತೆ ‘ಇ’ ಬರೆದರು, ಮತ್ತೆ ಹರಿದರು. ಸಂಜೆ ಅಂಗಡಿ ಗುಡಿಸುವಾಗ ಹನ್ನೊಂದು ಚೀಟಿ ಸಿಕ್ಕವು.

ಆ ವಾರ ಅವರು ಪಟ್ಟ ಪಾಡು ಶತ್ರುವಿಗೂ ಬೇಡ. ಪ್ಲಂಬರ್ ಗೋಡೆಯ ಮೇಲಿಂದ ದಿನಾ ಕೇಳುತ್ತಿದ್ದ, “ವಾಚಣ್ಣ, ಏನಾಯ್ತು?” ಇವರು “ಪರೀಕ್ಷೆ ನಡೀತಿದೆ” ಎನ್ನುತ್ತಿದ್ದರು. ಹುಳವನ್ನು ಬಿಟ್ಟುಬಿಟ್ಟರೆ ಸಾಕ್ಷಿಯೇ ಇರುವುದಿಲ್ಲ ಎಂಬ ಯೋಚನೆ ಬಂತು. ಬುಧವಾರ ಹಿತ್ತಲಿಗೆ ಹೋಗಿ ಬಿಟ್ಟೂಬಿಟ್ಟರು. ಅದು ಓಡಿದ್ದೇ ತಡ, ನಾಚಿಕೆಯಾಗಿ, ಅರ್ಧ ಗಂಟೆ ಮಂಡಿಯೂರಿ ಹುಡುಕಿ ಮತ್ತೆ ಹಿಡಿದು ತಂದರು. ಅಂಗಡಿ ಹೋದರೆ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲಿಗೆ ಹೋಗುವುದು? ನಿಜವಾಗಿ ಹೆದರಿದ್ದರು.

ಇದಕ್ಕಿಂತ ಹೆಚ್ಚು ಹೆದರಿಸಿದ್ದು ಹೆಂಡತಿ. ದಿನಾ ಸಂಜೆ ಕುಂಟುತ್ತ ಟೀ ತಂದಿಟ್ಟು, “ನಿಮ್ಮ ಇರುವೆ ಹೇಗಿದೆ?” ಎಂದು ಕೇಳುತ್ತಿದ್ದರು.

“ಚೆನ್ನಾಗಿದೆ.”

“ಇರುವೆನೇ ಬಿಡಿ. ನೀವು ಹೇಳಿದ ಮೇಲೆ ಮುಗೀತು. ಯಾರು ಏನೇ ಹೇಳಲಿ, ನೀವು ಇರುವೆ ಅಂತಲೇ ಅನ್ನಿ.”

ಮೂವತ್ತೆಂಟು ವರ್ಷದಲ್ಲಿ ಹೆಂಡತಿ ಅವರ ಒಂದು ಮಾತಿಗೂ ಹೀಗೆ ಒಪ್ಪಿಗೆ ಕೊಟ್ಟವರಲ್ಲ. ಅವರು ಟೀ ಅಲ್ಲೇ ಬಿಟ್ಟು ಎದ್ದುಹೋಗುತ್ತಿದ್ದರು.

ಭಾನುವಾರ ಬಂತು, ಮಗಳೂ ಬಂದಳು. ಪ್ಲಂಬರ್ ಈ ಸಲ ಗೋಡೆಯ ಮೇಲೆ ತಲೆಯಷ್ಟೇ ಇಡದೆ ಗೋಡೆ ಹತ್ತಿ ಇಳಿದು ಒಳಗೇ ಬಂದಿದ್ದ. ಹಿತ್ತಲಲ್ಲಿ ಸ್ಟೂಲು, ಸ್ಟೂಲಿನ ಎದುರು ಒಂದು ಪುಟ್ಟ ಮೇಜು. ಮಗಳು ಮೊಬೈಲು ತೆಗೆದಳು.

“ತಾಳು” ಎಂದರು ವಾಚಿನವರು. ಜೇಬಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಅಂಗಡಿಯ ಬೀಗದ ಕೈ ಇಟ್ಟರು. “ಅದು ಇರುವೆ ಅಲ್ಲ. ಕಣಜ. ನಾನೇ ನೋಡಿದೆ, ಮಂಗಳವಾರ. ಬಾಯಿ ಬಿಡೋಕೆ ಧೈರ್ಯ ಬರಲಿಲ್ಲ.”

ಅಪ್ಪ ತಪ್ಪು ಒಪ್ಪಿಕೊಂಡದ್ದನ್ನು ಮಗಳು ಹುಟ್ಟಿದ ಮೇಲೆ ಮೊದಲ ಸಲ ಕೇಳಿದ್ದಳು. ಗೆದ್ದ ಖುಷಿಯೇ ಅರ್ಧ ಇಳಿದುಹೋಗಿ, ಮೆತ್ತಗೆ ಮೊಬೈಲು ಓದಿದಳು. “ಪ್ರೊಫೆಸರೂ ಅದನ್ನೇ ಬರೆದಿದಾರೆ. ಕಣಜ, ಹೆಣ್ಣು. ಈ ಜಾತೀಲಿ ಹೆಣ್ಣಿಗೆ ರೆಕ್ಕೆ ಇರಲ್ಲ, ಗಂಡಿಗೆ ಮಾತ್ರ ಇರತ್ತೆ. ಕುಟುಕೋದು ಹೆಣ್ಣು ಮಾತ್ರ. ಬರಿಗಾಲಲ್ಲಿ ಓಡಾಡಬೇಡಿ, ವಿಪರೀತ ನೋವು ಕೊಡತ್ತೆ ಅಂತ.”

“ಹಂಗಾದ್ರೆ ಗಂಡು ಏನ್ಮಾಡತ್ತಂತೆ?” ಎಂದ ಪ್ಲಂಬರ್.

“ಹಾರಾಡತ್ತೆ ಅಷ್ಟೆ.”

ಮೂವರೂ ಒಟ್ಟಿಗೆ ವಾಚಿನವರ ಕಡೆ ನೋಡಿದರು.

“ಯಾವತ್ತು ಬಂತು ಈ ಉತ್ತರ?” ಎಂದು ಪ್ಲಂಬರ್ ನ್ಯಾಯಾಧೀಶನ ಗತ್ತಿನಲ್ಲಿ ಕೇಳಿದ.

“ಶುಕ್ರವಾರ.”

“ಅಣ್ಣಂದು ಮಂಗಳವಾರ. ಹಂಗಾದ್ರೆ ಅಣ್ಣನೇ ಮೊದಲು. ಬೀಗದ ಕೈ ಅಣ್ಣಂಗೇ.”

ಒಂದು ಗಳಿಗೆ ವಾಚಿನವರ ಕಣ್ಣು ಮಿನುಗಿತು. ಆಮೇಲೆ ತಲೆಯಾಡಿಸಿದರು. “ಇಲ್ಲಪ್ಪ. ನಾನು ಕಟ್ಟಿದ ಪಂದ್ಯ ನಾನೇ ಗೆಲ್ಲೋಕಾಗತ್ತಾ? ಮಂಗಳವಾರ ಗೊತ್ತಾದ್ರೂ ಮುಚ್ಚಿಟ್ಟೆ. ತಗೋ ಮಗಳೇ.”

ಮಗಳು ಕೈ ಚಾಚಿದಳು. ಬೀಗದ ಕೈಗೂ ಅವಳ ಬೆರಳಿಗೂ ಇನ್ನೇನು ಒಂದು ಗೇಣು ಇತ್ತು. ಅಷ್ಟರಲ್ಲಿ ಮೇಜಿನ ಮೇಲೆ ಧಡ್ಡೆಂದು ಒಂದು ಪಾದ ಬಂದು ಕೂತಿತು.

ಪಾದ ಹೆಂಡತಿಯದು. ಪ್ಲಂಬರನ ಭುಜ ಹಿಡಿದು ಒಂಟಿ ಕಾಲಿನಲ್ಲಿ ನಿಂತಿದ್ದರು. “ಸೋಮವಾರ” ಎಂದರು.

ಹಿಮ್ಮಡಿಯ ಪಕ್ಕ ಒಂದು ಕೆಂಪು ಗಂಟು, ಸುತ್ತ ಊತ. ಇದು ಉಳುಕಲ್ಲ ಎಂದು ಮಗಳಿಗೆ ನೋಡಿದ ಕೂಡಲೇ ಗೊತ್ತಾಯಿತು. “ಅಮ್ಮಾ! ಏನಿದು?”

ಹೆಂಡತಿ ಬಟ್ಟೆ ಕ್ಲಿಪ್ಪಿನ ಬುಟ್ಟಿಯಿಂದ ಒಂದು ಗಾಜಿನ ಬಾಟಲಿ ತೆಗೆದು ಡಬ್ಬಿಯ ಪಕ್ಕ ಇಟ್ಟರು. ಮುಚ್ಚಳಕ್ಕೆ ತೂತು ಮಾಡಿತ್ತು. ಒಳಗೆ ಇನ್ನೊಂದು ಕೆಂಪಮ್ಮ ಓಡಾಡುತ್ತಿತ್ತು. ಬಾಟಲಿಯ ಕುತ್ತಿಗೆಗೆ ದಾರ ಕಟ್ಟಿ ಚೀಟಿ ತೂಗುಬಿಟ್ಟಿತ್ತು. ‘ಸೋಮವಾರ. ಏಳು ಹತ್ತು. ಕಂಪ್ಲೇಂಟು: ಕುಟುಕುತ್ತೆ. ಹೆಸರು: ಕಣಜ.’

“ಕೆಲವು ಇರುವೆನೂ ಬಾಲದಲ್ಲಿ ಕುಟುಕ್ತವೆ ಅತ್ತಿಗೆ” ಎಂದು ಪ್ಲಂಬರ್ ಸಣ್ಣ ದನಿಯಲ್ಲಿ ಹೇಳಿದ.

“ಕುಟುಕ್ಲಿ. ಚಿಕ್ಕೋಳಿದ್ದಾಗ ಕಣಜದ ಗೂಡಿಗೆ ಕೈ ಹಾಕಿದೋಳು ನಾನು. ಆ ನೋವು ಯಾವತ್ತಾದ್ರೂ ಮರೆಯತ್ತಾ? ಅರ್ಧ ಗಂಟೆ ಬಕೆಟ್ಟಲ್ಲಿ ಕಾಲಿಟ್ಕೊಂಡು ಕೂತಿದ್ದೆ, ಹಲ್ಲು ಕಚ್ಕೊಂಡು. ಬೇಕಾದ್ರೆ ನೀನೂ ಬೆರಳು ಹಾಕಿ ನೋಡು, ಇಲ್ಲೇ ಇದೆ ಬಾಟ್ಲಿ.”

ಪ್ಲಂಬರ್ ಎರಡೂ ಕೈ ಹಿಂದೆ ಕಟ್ಟಿಕೊಂಡ. “ಸೋಮವಾರವೇ ಮೊದಲು. ಬೀಗದ ಕೈ ಅತ್ತಿಗೇದು” ಎಂದು ತೀರ್ಪು ಕೊಟ್ಟ.

ಹೆಂಡತಿ ಬೀಗದ ಕೈ ಎತ್ತಿಕೊಂಡು ಮುಷ್ಟಿಯಲ್ಲಿ ಹಿಡಿದರು. “ಈಗ ಅಂಗಡಿ ನಂದು. ನಾಳೆ ಒಂಬತ್ತಕ್ಕೆ ಸರಿಯಾಗಿ ಬಾಗಿಲು ತೆಗೆದಿರಬೇಕು. ಹೋದ ವರ್ಷ ಜ್ವರ ಬಂದು ಹನ್ನೊಂದು ದಿನ ಮನೇಲಿದ್ರಿ. ಅಡುಗೆಮನೆ ಡಬ್ಬಿಗಳನ್ನೆಲ್ಲ ಮುಚ್ಚಳದ ಸೈಜಿನ ಪ್ರಕಾರ ಜೋಡಿಸಿಟ್ರಿ. ಇವತ್ತಿಗೂ ನನಗೆ ಉಪ್ಪು ಸಿಕ್ಕಿಲ್ಲ. ಮನೇಲಿ ಕೂರೋ ಮಾತೇ ಇಲ್ಲ.” ಮಗಳ ಕಡೆ ತಿರುಗಿದರು. “ನೀನು ಮುಖ ಊದಿಸ್ಕೋಬೇಡ. ಅಂಗಡಿ ಮೇಜಿನ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿಸು. ಗಂಟೆಗೊಂದ್ಸಲ ಎದ್ದು ಓಡಾಡಬೇಕು. ಎದ್ರೋ ಇಲ್ವೋ ಅಂತ ನಾನು ಫೋನ್ ಮಾಡ್ತೀನಿ. ಆ ಕೆಲಸ ನಂಗೆ ಬರತ್ತೆ.”

ಮಗಳು ಅಪ್ಪನ ಕತ್ತನ್ನೂ ಅಮ್ಮನ ಪಾದವನ್ನೂ ನೋಡಿದಳು. “ಎಷ್ಟು ಇಟ್ಟಿಗೆ ಬೇಕು ಅಂತ ಅಳತೆ ತಗೊಂಡು ಬರ್ತೀನಿ” ಎಂದು ಕಣ್ಣೊರೆಸಿಕೊಂಡು ಎದ್ದಳು. ಪ್ಲಂಬರನೂ ಇನ್ನು ಇಲ್ಲಿ ತನ್ನ ಕೆಲಸವಿಲ್ಲ ಎಂದು ತಿಳಿದು, ತಾನು ಬಂದ ಗೋಡೆಯನ್ನೇ ಹತ್ತಿ ಇಳಿದ.

ವಾಚಿನವರು ಮಾತ್ರ ಇನ್ನೂ ಪಾದವನ್ನೇ ನೋಡುತ್ತಿದ್ದರು. ಆರು ದಿನ. ಆ ಕಾಲಿನ ಮೇಲೆ ಆರು ದಿನ ಟೀ ತಂದಿಟ್ಟಿದ್ದರು ಹೆಂಡತಿ, ‘ಇರುವೆನೇ ಬಿಡಿ’ ಎಂದಿದ್ದರು. ಕಾಣದ ಉಬ್ಬು, ಕಾಣದ ಮೀಸೆ ಎಲ್ಲ ಕಂಡ ತಮಗೆ ಇದು ಕಂಡಿರಲಿಲ್ಲ. ಅವರಿಗೆ ಅಳು ಬಂತು. ಅದು ಕಾಣದಿರಲೆಂದು ಬಲಗಣ್ಣಿಗೆ ಲೆನ್ಸು ಸಿಕ್ಕಿಸಿಕೊಂಡು, ನೆಲಕ್ಕೆ ಮಂಡಿಯೂರಿ, ಪಾದದ ಹತ್ತಿರ ಬಗ್ಗಿದರು. ಜೇಬಿನಿಂದ ಒಂದು ಚೀಟಿ ತೆಗೆದರು, ಪೆನ್ಸಿಲ್ ತೆಗೆದರು.

“ಕನ್ನಡಕ ಹೊಸದಾ?” ಎಂದು ತಲೆ ಎತ್ತಿ ಕೇಳಿದರು.

“ಎರಡು ತಿಂಗಳಾಯ್ತು. ಕಾಲು ನೋಡಿ.”

ಪೆನ್ಸಿಲ್ಲನ್ನು ಚೀಟಿಯ ಮೇಲಿಟ್ಟರು. “ಯಾವತ್ತಿಂದ ಹೀಗೆ?”

“ಸೋಮವಾರದಿಂದ.”

“ಮೊದಲೇ ಯಾಕೆ ತರಲಿಲ್ಲ?”

“ಬಾಯಿ ಬಿಟ್ರೆ ಅಂಗಡಿ ಮುಚ್ಚಿ ಹೋಗತ್ತೇನೋ ಅಂತ ಹೆದರಿಕೆ ಆಗಿತ್ತು” ಎಂದರು ಹೆಂಡತಿ.